ಮಗಳಿಗೆ ಆತ್ಮರಕ್ಷಣೆ, ನನಗೆ ವ್ಯಾಯಾಮ: ಶಿವಮೊಗ್ಗದಲ್ಲಿ ಕರಾಟೆನಾ, ಜೂಡೋನಾ, ಗರಡಿನಾ?

ವಿನೋಬನಗರ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಪಿಯುಸಿ ಸೇರಿದ್ದಾಳೆ. ಟ್ಯೂಷನ್ ಮುಗಿಸಿ ಸಂಜೆ ಏಳೂವರೆ ಹೊತ್ತಿಗೆ ಸಿಟಿ ಬಸ್ಸಿನಲ್ಲಿ ಮನೆಗೆ ಬರುತ್ತಾಳೆ. ಒಬ್ಬ ಆಸಾಮಿ ಪದೇ ಪದೇ ಮೈಗೆ ತಾಗಿ ನಿಲ್ಲುತ್ತಾನೆ ಎಂದು ಮೊನ್ನೆ ಹೇಳಿದಳು. ಅವಳಿಗೆ ಏನಾದರೂ ಕಲಿಸಲೇಬೇಕು ಅಂತ ಅವತ್ತಿನಿಂದ ತಲೆಯಲ್ಲಿ ಕೂತಿದೆ.

ನನಗೂ 43 ದಾಟಿತು. ಬ್ಯಾಂಕಿನಲ್ಲಿ ಕೂತಲ್ಲೇ ಕೆಲಸ, ಎಡಮಂಡಿ ಆಗಾಗ ನೋಯುತ್ತದೆ, ಶುಗರ್ ಬಾರ್ಡರ್‌ನಲ್ಲಿದೆ ಅಂದಿದ್ದಾರೆ ಡಾಕ್ಟರು. ಜಿಮ್ ಅಂದರೆ ಬೇಜಾರು. ಇಬ್ಬರೂ ಒಟ್ಟಿಗೆ ಸೇರುವಂಥದ್ದು ಏನಾದರೂ ಇದೆಯಾ? ನಮ್ಮ ಬೀದಿಯ ಕಲ್ಯಾಣ ಮಂಟಪದ ಮೇಲಿನ ಹಾಲ್‌ನಲ್ಲಿ ಕರಾಟೆ ಕ್ಲಾಸ್ ನಡೆಯುತ್ತದೆ. "ಒಂದೂವರೆ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅಂತ ಬೋರ್ಡ್ ಹಾಕಿದ್ದಾರೆ. ಟೇಕ್ವಾಂಡೋ, ಕಿಕ್‌ಬಾಕ್ಸಿಂಗ್ ಅಂತಲೂ ಕೇಳಿದೆ. ನಮ್ಮ ಯಜಮಾನರು "ಇದೆಲ್ಲ ಸಿನಿಮಾದಲ್ಲಿ ಚೆಂದ" ಅನ್ನುತ್ತಾರೆ. ಕಲಿತವರಿದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ದುರ್ಗಿಗುಡಿ ಹುಡುಗ
ಯಾವುದಾದರೂ ಸೇರಿ ಅಕ್ಕ. ಕೂತು ಯೋಚನೆ ಮಾಡಿದರೆ ಶುಗರ್ ಇಳಿಯಲ್ಲ.

ಹಳೇ ಗರಡಿ
ಗ್ಯಾರಂಟಿ ಕೊಟ್ಟು ಮಾರುವುದಕ್ಕೆ ಅದೇನು ಮಿಕ್ಸಿನಾ? ಅಲ್ಲಿಗೇ ಗೊತ್ತಾಗುತ್ತದೆ ಆ ಕ್ಲಾಸಿನ ಹಣೆಬರಹ.

ನಮ್ಮ ಊರಲ್ಲೇ ಗರಡಿ ಇದ್ದವು. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬ ಜಾತ್ರೆಯಲ್ಲಿ ಕುಸ್ತಿ ನಡೆದಾಗ ಹೋಗಿ ನೋಡಿ, ಇವತ್ತಿಗೂ ಜನ ಹೇಗೆ ಮುಗಿಬೀಳುತ್ತಾರೆ ಅಂತ. ಬೆಳಗಿನ ಜಾವ ಎದ್ದು ದಂಡ, ಬಸ್ಕಿ, ಗದೆ ತಿರುಗಿಸುವುದು, ಆಮೇಲೆ ಮಣ್ಣಿಗಿಳಿದು ಜೋಡಿ. ಮಣ್ಣು ಅಂದರೆ ಬೀದಿ ಮಣ್ಣಲ್ಲ. ಜರಡಿ ಹಿಡಿದು ಕಲ್ಲು ತೆಗೆದು, ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡುತ್ತಿದ್ದರು. ಅದರಲ್ಲಿ ಹೊರಳಾಡಿದ ಮೇಲೆ ಮೈಗೆ ಸೋಪು ಬೇಡ.

ಕುಸ್ತಿಯಲ್ಲಿ ಎದುರಿಗಿರುವವನು ನಿಜವಾಗಿ ಬೀಳಿಸುವುದಕ್ಕೇ ಬಂದಿರುತ್ತಾನೆ. ಕರಾಟೆಯವರು ಗಾಳಿಗೆ ಗುದ್ದುತ್ತಾರೆ. ಗಾಳಿ ತಿರುಗಿ ಗುದ್ದಿದ್ದನ್ನು ನಾನಂತೂ ಕಂಡಿಲ್ಲ.

ಕಂದು ಬೆಲ್ಟ್
ಪೈಲ್ವಾನರೇ, ನಿಧಾನ. ಕಿಹಾನ್, ಕಟಾ, ಕುಮಿಟೆ ಅಂತ ಮೂರೂ ಇರುತ್ತದೆ ಕರಾಟೆಯಲ್ಲಿ. ಮೊದಲನೆಯದು ಒಂದೊಂದೇ ಹೊಡೆತ, ತಡೆಗಳ ಅಭ್ಯಾಸ. ಎರಡನೆಯದು ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಚಲನೆಗಳು. ಶೋಟೋಕಾನ್ ಅನ್ನುವ ಕರಾಟೆ ಶೈಲಿಯಲ್ಲಿ ಶುರುವಿಗೆ ಕಲಿಸುವ ಹೇಯಾನ್ ಶೋದಾನ್‌ನಲ್ಲಿ ಅಂಥವು 21. ಮೂರನೆಯದೇ ಎದುರಾಳಿಯ ಜೊತೆಗಿನ ಹೋರಾಟ. ನೀವು ಕಿಟಕಿಯಿಂದ ನೋಡಿದ್ದು ಮೊದಲ ಎರಡನ್ನು ಮಾತ್ರ ಅನ್ನಿಸುತ್ತದೆ.

ಇನ್ನೊಂದು ವಿಷಯ. ಕರಾಟೆ ಅಂದರೆ ಒಂದೇ ಅಲ್ಲ. ಒಕಿನಾವಾ ದ್ವೀಪದ ಈ ವಿದ್ಯೆಯನ್ನು ಫುನಾಕೋಶಿ ಅನ್ನುವ ಗುರು 1922ರಲ್ಲಿ ಟೋಕಿಯೋಗೆ ಹೋಗಿ ತೋರಿಸಿದರು. ಅವರದ್ದು ಶೋಟೋಕಾನ್. ಮಿಯಾಗಿಯವರ ಗೋಜು ರ್ಯೂ ಬೇರೆ, ಮಾಬುನಿಯವರ ಶಿತೋ ರ್ಯೂ ಬೇರೆ. ಓಯಾಮಾ ಕಟ್ಟಿದ ಕ್ಯೋಕುಶಿನ್‌ನಲ್ಲಿ ಮುಖಕ್ಕೆ ಕೈಯಿಂದ ಗುದ್ದುವಂತಿಲ್ಲ ಅನ್ನುವುದು ಬಿಟ್ಟರೆ ಪೂರ್ತಿ ಬಲ ಹಾಕಿಯೇ ಹೊಡೆಯುತ್ತಾರೆ. ಬನ್ನಿ ಒಂದು ಸಲ, ಗಾಳಿ ತಿರುಗಿ ಗುದ್ದುತ್ತದೋ ಇಲ್ಲವೋ ನೋಡೋಣ :)

ಹಳೇ ಗರಡಿ
ಬರುತ್ತೇನೆ. ಕಾಲು ಹಿಡಿದು ಎತ್ತಿದರೆ ಅಳಬಾರದು.

ಸಾಗರದ ಫಿಸಿಯೋ
ಇಬ್ಬರೂ ಆಮೇಲೆ ಕಾದಾಡಿ. ಕೇಳಿದವರ ಮಂಡಿ ವಿಷಯ ಯಾರೂ ಎತ್ತಲೇ ಇಲ್ಲ ಅಲ್ವಾ?

ಅಮ್ಮ, ಮೊದಲು ಆ ಹಾಲ್‌ನ ನೆಲ ನೋಡಿ. ಸಿಮೆಂಟ್ ಅಥವಾ ಟೈಲ್ಸ್ ಮೇಲೆ ಮ್ಯಾಟ್ ಇಲ್ಲದೆ ಜಿಗಿಸುತ್ತಿದ್ದರೆ ನಿಮ್ಮ ವಯಸ್ಸಿಗೆ ಅದು ಬೇಡ. ಮಳೆಗಾಲದಲ್ಲಿ ಟೈಲ್ಸ್ ಬೆವರುತ್ತದೆ, ಬರಿಗಾಲು ಜಾರುತ್ತದೆ. ಎರಡನೆಯದು, ಸುತ್ತಿ ಒದೆಯುವಾಗ ನಿಂತ ಕಾಲಿನ ಪಾದವೂ ತಿರುಗಬೇಕು. ಹಿಮ್ಮಡಿ ಸ್ವಲ್ಪ ಎತ್ತಿ, ಬೆರಳುಗಳ ಬುಡದ ಮೇಲೆ ತಿರುಗಬೇಕು. ಪಾದ ನೆಲಕ್ಕೆ ಅಂಟಿಕೊಂಡೇ ಇದ್ದು ಸೊಂಟ ಮಾತ್ರ ತಿರುಗಿದರೆ ಆ ತಿರುಚು ಪೂರಾ ಮಂಡಿಗೆ ಬರುತ್ತದೆ. ನನ್ನ ಹತ್ತಿರ ಬರುವ ಕ್ಲಾಸಿನ ಮಕ್ಕಳಲ್ಲಿ ಜಾಸ್ತಿ ಜನ ಹೊಡೆಸಿಕೊಂಡು ಬಂದವರಲ್ಲ, ಹೀಗೆ ತಿರುಚಿಕೊಂಡು ಬಂದವರು. ಲೇಟಾಗಿ ಬಂದವರಿಗೆ ಶಿಕ್ಷೆ ಅಂತ ಕಪ್ಪೆ ಜಿಗಿತ ಮಾಡಿಸುವ ಕ್ಲಾಸ್ ಕಂಡರೆ ಹಾಗೇ ವಾಪಸ್ ಬನ್ನಿ.

ಇನ್ನು ಶುಗರ್ ವಿಷಯ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಎರಡು ಕ್ಲಾಸ್ ಹೋದರೆ ಅಷ್ಟು ಸಾಲುವುದಿಲ್ಲ. ಉಳಿದ ದಿನ ನೆಹರೂ ಸ್ಟೇಡಿಯಂನಲ್ಲೋ ಫ್ರೀಡಂ ಪಾರ್ಕ್‌ನಲ್ಲೋ ಬಿರುಸಾಗಿ ನಡೆಯಿರಿ.

ದುರ್ಗಿಗುಡಿ ಹುಡುಗ
ಕುಣಿಯಲಾರದವಳಿಗೆ ನೆಲ ಡೊಂಕು ಅಂದಹಾಗಾಯ್ತು. ನಮ್ಮ ಕಾಲದಲ್ಲಿ ಶಾಲೆ ಜಗಲಿ ಮೇಲೇ ಕಲಿತಿದ್ದು.

ಸಾಗರದ ಫಿಸಿಯೋ
ನಿಮ್ಮ ಕಾಲದವರ ಮಂಡಿಗಳೇ ಈಗ ನನ್ನ ಕ್ಲಿನಿಕ್ಕಿನ ಬಾಡಿಗೆ ಕಟ್ಟುತ್ತಿರುವುದು ಸಾರ್.

ಮತ್ತಿಗೆ ಮಾಣಿ
ಜೂಡೋ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನಾನು ಬೆಂಗಳೂರಿನಲ್ಲಿ ಓದುವಾಗ ಕಲಿತೆ, ಈಗ ಊರಲ್ಲಿ ತೋಟ ನೋಡಿಕೊಂಡಿದ್ದೇನೆ. ಕಾನೋ ಅನ್ನುವ ಮೇಷ್ಟ್ರು 1882ರಲ್ಲಿ ಟೋಕಿಯೋದಲ್ಲಿ ಶುರು ಮಾಡಿದ್ದು. ಜುಜುತ್ಸು ಅನ್ನುವ ಜಪಾನಿನ ಹಳೇ ಕಾದಾಟದ ವಿದ್ಯೆಯಲ್ಲಿದ್ದ ಅಪಾಯದ ಪಟ್ಟುಗಳನ್ನು ಅಭ್ಯಾಸದ ಕಾದಾಟದಿಂದ ಹೊರಗಿಟ್ಟರು. ಅದಕ್ಕೇ ಅಲ್ಲಿ ದಿನವೂ ಪೂರ್ತಿ ಬಲ ಹಾಕಿ ಒಬ್ಬರನ್ನೊಬ್ಬರು ಎಸೆಯಬಹುದು. ಒಲಿಂಪಿಕ್ಸ್‌ಗೆ 1964ರಲ್ಲೇ ಬಂತು. ಕರಾಟೆ ಬಂದಿದ್ದು ಟೋಕಿಯೋ 2020ರಲ್ಲಿ, ಪ್ಯಾರಿಸ್‌ನಲ್ಲಿ ಮತ್ತೆ ಇರಲೇ ಇಲ್ಲ.

ಜೂಡೋದಲ್ಲಿ ಎಲ್ಲಕ್ಕಿಂತ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ದುಂಡಗೆ ಮಾಡಿ, ಬಿದ್ದ ಕ್ಷಣಕ್ಕೆ ಇಡೀ ಕೈಯಿಂದ ನೆಲಕ್ಕೆ ಬಡಿಯಬೇಕು. ಅಂಗೈ ಊರಿ ತಡೆಯಲು ಹೋದರೆ ಮಣಿಕಟ್ಟು ಹೋಯಿತು ಅಂತಲೇ ಲೆಕ್ಕ. ಮಲೆನಾಡಿನಲ್ಲಿ ನಮ್ಮ ಮೇಲೆ ಹಲ್ಲೆ ಮಾಡುವುದು ಯಾರು ಹೇಳಿ? ಕಳ್ಳ ಅಲ್ಲ, ಅಂಗಳದ ಪಾಚಿ. ಆಷಾಢದಲ್ಲಿ ಅಡಿಕೆ ಮರ ಸೀಳಿದ ದಬೆ ಹಾಕಿದ ದಾರಿ ಬಿಟ್ಟು ಕಾಲಿಟ್ಟರೆ ಮುಗಿಯಿತು. ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಯಿಂದ ಬರುವಾಗ ಜಾರಿ ಬಿದ್ದಿದ್ದೇನೆ. ಹಾಲು ಹೋಯಿತು, ಕೈ ಉಳಿಯಿತು. ಮನೆಯಲ್ಲಿ ಬೈದಿದ್ದು ಹಾಲಿಗೆ.

ಕೊಪ್ಪ ಕಾಫಿ
ಪಾಚಿಗೆ ಸುಣ್ಣ, ಬ್ಲೀಚಿಂಗ್ ಪೌಡರ್ ಸಾಕು ಮಾರಾಯ್ರೆ, ಅದಕ್ಕೆ ಜಪಾನ್‌ವರೆಗೆ ಯಾಕೆ ಹೋಗಬೇಕು?

ವಿನೋಬನಗರ ಅಮ್ಮ
ನೆಲ ನೋಡಿಕೊಂಡು ಬಂದೆ. ಪೂರಾ ಟೈಲ್ಸ್. ಬಾಗಿಲ ಹತ್ತಿರ ಮಕ್ಕಳ ಒದ್ದೆ ಕೊಡೆಗಳ ನೀರು ಒಳಗೇ ಹರಿಯುತ್ತಿತ್ತು. ಮೇಷ್ಟ್ರನ್ನು ಕೇಳಿದರೆ "ಮ್ಯಾಟ್ ಆರ್ಡರ್ ಮಾಡಿದೀವಿ ಮೇಡಂ" ಅಂದರು.

ಆದರೆ ಬಸ್ಸಿನ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅಲ್ಲಿ ಎಸೆಯುವುದಕ್ಕೂ ಜಾಗ ಇಲ್ಲ, ಒದೆಯುವುದಕ್ಕೂ ಇಲ್ಲ.

ತೀರ್ಥಹಳ್ಳಿ ಪ್ಯಾಸೆಂಜರ್
ಅಕ್ಕ, ನಾನು ಕಾಲೇಜಿನ ದಿನಗಳಿಂದಲೂ ಅದೇ ರೂಟಿನಲ್ಲಿ ಓಡಾಡುವವಳು. ಬಸ್ಸಿನಲ್ಲಿ ಮೊದಲ ಆಯುಧ ಬಾಯಿ. ಬಾಯಿದ್ದವರು ಬರಗಾಲದಲ್ಲೂ ಬದುಕಿದರಂತೆ. ಆದರೆ ಸುಮ್ನೆ ಕಿರುಚಿದರೆ ಜನ ತಿರುಗಿ ನಿಮ್ಮನ್ನೇ ನೋಡುತ್ತಾರೆ. ಅವನನ್ನು ನೋಡುವ ಹಾಗೆ ಹೇಳಬೇಕು. "ನೀಲಿ ಚೆಕ್ಸ್ ಶರ್ಟು, ಕೈ ತೆಗೀರಿ, ಹಿಂದೆ ಸರೀರಿ." ಬಟ್ಟೆ ಹೆಸರು ಬಂತೆಂದರೆ ಇಡೀ ಬಸ್ಸಿಗೆ ಅವನ ಗುರುತು ಸಿಕ್ಕಿತು. ಆಮೇಲೆ ಕಂಡಕ್ಟರ್. "ಸ್ವಲ್ಪ ಜರುಗ್ತೀರಾ ಪ್ಲೀಸ್" ಅಂತ ನಯವಾಗಿ ಕೇಳಿದರೆ ಅಂಥವರಿಗೆ ಅದೇ ಸಲಿಗೆ.

ಇದನ್ನೂ ಅಭ್ಯಾಸ ಮಾಡಬೇಕು, ನಗಬೇಡಿ. ನಮ್ಮ ಹುಡುಗಿಯರಿಗೆ ಜೋರಾಗಿ ಮಾತಾಡಬೇಡ ಅಂತ ಹುಟ್ಟಿದಾಗಿನಿಂದ ಹೇಳಿರುತ್ತೇವೆ. ಬೇಕಾದಾಗ ಗಂಟಲೇ ಏಳುವುದಿಲ್ಲ. ಮನೆಯ ಹಾಲ್‌ನಲ್ಲಿ ಅಪ್ಪನನ್ನು ಎದುರಿಗೆ ನಿಲ್ಲಿಸಿ ಅವಳ ಹತ್ತಿರ ನಾಲ್ಕು ಸಲ ಕೂಗಿಸಿ.

ಕೈ ಹಿಡಿದರೆ ಹೀಗೆ. ಹಿಡಿದವನ ಹೆಬ್ಬೆರಳ ತುದಿಗೂ ಉಳಿದ ಬೆರಳಿಗೂ ನಡುವೆ ಒಂದು ಸಂದಿ ಇರುತ್ತದಲ್ಲ, ಆ ಹಿಡಿತ ಸಡಿಲ ಇರುವುದು ಅಲ್ಲೇ. ಕೈಯನ್ನು ಹಿಂದಕ್ಕೆ ಜಗ್ಗಬಾರದು, ಎಳೆದಾಟದಲ್ಲಿ ಬಲ ಇದ್ದವನೇ ಗೆಲ್ಲುತ್ತಾನೆ. ಒಂದು ಹೆಜ್ಜೆ ಅವನ ಕಡೆಗೇ ಇಟ್ಟು, ಮೊಣಕೈ ಬಾಗಿಸಿ, ಮಣಿಕಟ್ಟಿನ ತೆಳು ಅಂಚು ಆ ಸಂದಿಗೆ ಬರುವ ಹಾಗೆ ತಿರುಗಿಸಿ, ನಮ್ಮ ಮೊಣಕೈಯನ್ನು ಅವನ ಮೊಣಕೈ ಕಡೆ ದೂಡಬೇಕು. ಕೈ ಬಿಡಿಸಿಕೊಂಡ ತಕ್ಷಣ ಅಲ್ಲಿ ನಿಲ್ಲಬಾರದು.

ಹಳೇ ಗರಡಿ
ಇದು ಸರಿ. ಆದರೆ ಕ್ಲಾಸಿನಲ್ಲಿ ಗೆಳತಿ ಮೆಲ್ಲಗೆ ಹಿಡಿದು ತಾನಾಗೇ ಬಿಡುತ್ತಾಳೆ. ಮನೆಗೆ ಬಂದು ಅಣ್ಣನಿಗೋ ಮಾವನಿಗೋ "ಬಿಡಬೇಡ, ಜೋರಾಗಿ ಹಿಡಿ" ಅಂತ ಹೇಳಿ ನೋಡಿ. ಅವತ್ತು ಗೊತ್ತಾಗುತ್ತದೆ ಎಷ್ಟು ಬಂದಿದೆ ಅಂತ. ನಾನು ಮೊದಲಿನಿಂದ ಹೇಳುತ್ತಿರುವುದೂ ಅದನ್ನೇ. ಹೆಸರು ಯಾವುದೇ ಇರಲಿ, ಎದುರಿನವರು ಬಿಟ್ಟುಕೊಡದೆ ಕಾದಾಡುವ ಜಾಗದಲ್ಲಿ ಕಲಿತದ್ದೇ ಕೈಗೆ ಹತ್ತುವುದು.

ಕಂದು ಬೆಲ್ಟ್
ಈ ಮಾತಿಗೆ ನನ್ನದೂ ಒಂದು ಓಟು. ಕುಮಿಟೆ ಇಲ್ಲದ ಕರಾಟೆ ಕ್ಲಾಸಿಗೆ ನಾನೂ ಕಳಿಸುವುದಿಲ್ಲ.

ಗೋಪಾಳದ ಗೊಣಗಾಟ
ಇಷ್ಟೆಲ್ಲ ಕಲಿತು ಹೊಡೆದಿರಿ ಅಂತಿಟ್ಟುಕೊಳ್ಳಿ. ನಾಳೆ ಅವನೇ ಸ್ಟೇಷನ್ನಿಗೆ ಹೋಗಿ ನಿಮ್ಮ ಮೇಲೆ ಕೇಸು ಹಾಕುತ್ತಾನೆ. ಬ್ಲ್ಯಾಕ್ ಬೆಲ್ಟ್ ಆದವರು ಪೊಲೀಸರ ಹತ್ತಿರ ಕೈ ರಿಜಿಸ್ಟರ್ ಮಾಡಿಸಬೇಕಂತೆ ಬೇರೆ.

ಕೋರ್ಟ್ ಕಾಂಪೌಂಡ್
ಕೈ ರಿಜಿಸ್ಟರ್ ಮಾಡಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಇದ್ದಿದ್ದರೆ ನಮ್ಮ ಕಕ್ಷಿದಾರರಲ್ಲಿ ಅರ್ಧ ಜನರ ಬಾಯಿ ರಿಜಿಸ್ಟರ್ ಮಾಡಿಸಬೇಕಿತ್ತು.

ಆತ್ಮರಕ್ಷಣೆಯ ಹಕ್ಕು ಹಿಂದೆ ಐಪಿಸಿ 96ರಿಂದ 106ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ 34ರಿಂದ 44. ನಮ್ಮ ಮೈ ಕಾಪಾಡಿಕೊಳ್ಳಲು ಹೊಡೆದರೆ ಅದು ಅಪರಾಧವಲ್ಲ. ಬೇರೆಯವರನ್ನು ಕಾಪಾಡಲು ಹೊಡೆದರೂ ಅಷ್ಟೆ. ಷರತ್ತು ಇದೆ. ಕಾಪಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ ಬಲ. ಅಪಾಯ ಇರುವಷ್ಟು ಹೊತ್ತು ಮಾತ್ರ. ಅವನು ಬಿದ್ದ ಮೇಲೆ, ಓಡಿದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ಆತ್ಮರಕ್ಷಣೆ ಅಲ್ಲ. ಕೊಲ್ಲುವ, ಅತ್ಯಾಚಾರ ಮಾಡುವ, ಆಸಿಡ್ ಎರಚುವ ಉದ್ದೇಶದ ಹಲ್ಲೆಯಾದರೆ ತಿರುಗಿ ಹೊಡೆದದ್ದರಲ್ಲಿ ಜೀವ ಹೋದರೂ ಕಾನೂನು ರಕ್ಷಣೆ ಕೊಡುತ್ತದೆ.

ಬಸ್ಸಿನ ಆಸಾಮಿ ವಿಷಯ ಬೇರೆ. ಮಗಳಿಗೆ 18 ತುಂಬಿಲ್ಲ ಅಲ್ವಾ? ಹಾಗಾದರೆ ಲೈಂಗಿಕ ಉದ್ದೇಶದಿಂದ ಮುಟ್ಟಿದರೆ 2012ರ ಪೋಕ್ಸೋ ಕಾಯ್ದೆಯೇ ಬರುತ್ತದೆ. ತಾಗಿ ನಿಂತದ್ದು ಸಣ್ಣ ವಿಷಯ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಸ್ ನಂಬರ್, ಹೊತ್ತು ಬರೆದಿಟ್ಟುಕೊಳ್ಳಲಿ. ಅವಸರಕ್ಕೆ 112. ಹಾಗೆಯೇ ಸುಮ್ನೆ ಎರಡು ದಿನ ನೀವೇ ಅದೇ ಬಸ್ಸಿನಲ್ಲಿ ಬನ್ನಿ.

ವಿನೋಬನಗರ ಅಮ್ಮ
ಧನ್ಯವಾದ ಸಾರ್. ಪೋಕ್ಸೋ ಇದಕ್ಕೂ ಬರುತ್ತದೆ ಅಂತ ಗೊತ್ತಿರಲಿಲ್ಲ. ಯಜಮಾನರಿಗೂ ಓದಿಸಿದೆ. ಸಿನಿಮಾ ಮಾತು ನಿಂತಿದೆ.

ರಾಗಿಗುಡ್ಡ ರೀಡರ್
ಇನ್ನೊಂದು ಕಹಿ ವಿಷಯವನ್ನೂ ಹೇಳಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ತೆಗೆದು ನೋಡಿ. ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಪರಿಚಿತನೇ. ನೆಂಟ, ನೆರೆಯವನು, ಜೊತೆಗೆ ಕೆಲಸ ಮಾಡುವವನು. ಕ್ಲಾಸುಗಳಲ್ಲಿ ಕಲಿಸುವುದು ಕತ್ತಲೆಯಲ್ಲಿ ಹಿಂದಿನಿಂದ ಬಂದು ಕತ್ತು ಹಿಡಿಯುವ ಅಪರಿಚಿತನ ಕಥೆ. ಮಾವನ ಮಗನ ಮೂಗಿಗೆ ಗುದ್ದುವುದನ್ನು ಯಾವ ಮೇಷ್ಟ್ರೂ ಕಲಿಸುವುದಿಲ್ಲ.

ಕೆನಡಾದ 3 ವಿಶ್ವವಿದ್ಯಾಲಯಗಳಲ್ಲಿ ಸುಮಾರು 900 ಮೊದಲ ವರ್ಷದ ವಿದ್ಯಾರ್ಥಿನಿಯರ ಮೇಲೆ ಒಂದು ಅಧ್ಯಯನ ಮಾಡಿದರು. ಪ್ರಕಟವಾಗಿದ್ದು 2015ರಲ್ಲಿ. ಅರ್ಧ ಜನಕ್ಕೆ ಕರಪತ್ರ ಕೊಟ್ಟರು, ಅರ್ಧ ಜನಕ್ಕೆ 12 ಗಂಟೆಯ ತರಬೇತಿ. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಕರಪತ್ರದ ಗುಂಪಿನಲ್ಲಿ ಶೇ. 9.8, ತರಬೇತಿಯ ಗುಂಪಿನಲ್ಲಿ ಶೇ. 5.2. ಹೊಡೆಯುವುದು, ಬಿಡಿಸಿಕೊಳ್ಳುವುದು ಆ ತರಬೇತಿಯ ಒಂದು ಭಾಗ ಮಾತ್ರ. ಉಳಿದದ್ದು ಗೊತ್ತಿರುವವನ ನಡವಳಿಕೆಯಲ್ಲೇ ಅಪಾಯ ಗುರುತಿಸುವುದು, ಅವನಿಗೆ ಬೇಜಾರಾದೀತು ಅಂತ ನೋಡದೆ ಖಡಾಖಂಡಿತ ಬೇಡ ಅನ್ನುವುದು.

ಕಂದು ಬೆಲ್ಟ್
ಹಾಗಂತ 12 ಗಂಟೆಯಲ್ಲಿ ಯಾರೂ ಫೈಟರ್ ಆಗಲ್ಲ. ಒಂದು ದಿನದ ಶಿಬಿರ ಮಾಡಿ, ಫೋಟೋ ತೆಗೆಸಿ, ಸರ್ಟಿಫಿಕೇಟ್ ಹಂಚಿ "500 ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ" ಅಂತ ಪೇಪರಿನಲ್ಲಿ ಹಾಕಿಸುವವರನ್ನು ನೋಡಿ ಸಾಕಾಗಿದೆ.

ರಾಗಿಗುಡ್ಡ ರೀಡರ್
ಫೈಟರ್ ಆಗಬೇಕು ಅಂತ ಯಾರು ಹೇಳಿದರು? ಮನೆಗೆ ಸುರಕ್ಷಿತವಾಗಿ ಬಂದರೆ ಸಾಕು.

ನಿವೃತ್ತ ಪಿ.ಇ. ಮೇಷ್ಟ್ರು
ಇಬ್ಬರ ಮಾತಿನಲ್ಲೂ ಹುರುಳಿದೆ. ಸಮಗ್ರ ಶಿಕ್ಷಣ ಯೋಜನೆಯ ಅಡಿ ಸರ್ಕಾರಿ ಶಾಲೆ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ 3 ತಿಂಗಳ ಆತ್ಮರಕ್ಷಣೆ ತರಬೇತಿ ಕೊಡುತ್ತಾರೆ. ನಾನು ಕೆಲಸದಲ್ಲಿದ್ದಾಗ ಒಬ್ಬ ಹುಡುಗಿ, ತರಗತಿಯಲ್ಲಿ ಹೆಸರು ಕೂಗಿದರೂ ತಲೆ ಎತ್ತದವಳು, ಪ್ಯಾಡಿಗೆ ಒದೆಯಲು ಶುರು ಮಾಡಿದ ಮೇಲೆ ಬೆನ್ನು ನೆಟ್ಟಗೆ ಮಾಡಿ ನಡೆಯತೊಡಗಿದಳು. ಮೂರು ತಿಂಗಳಲ್ಲಿ ಪಟ್ಟು ಎಷ್ಟು ಉಳಿಯುತ್ತದೆ, ದೇವರೇ ಬಲ್ಲ. ಆ ನಡಿಗೆ ಉಳಿದಿತ್ತು.

ಅಮ್ಮ, ಕ್ಲಾಸ್ ಸೇರುವ ಮೊದಲು ಒಂದು ಪೂರ್ತಿ ಅವಧಿ ಮೂಲೆಯಲ್ಲಿ ಕೂತು ನೋಡಿ. ಪೋಷಕರು ಒಳಗೆ ಬರಬಾರದು ಅಂದರೆ ಆ ಕ್ಲಾಸ್ ಬೇಡವೇ ಬೇಡ. ಮೈ ಮುಟ್ಟಿ ತಿದ್ದುವ ವಿದ್ಯೆ ಇದು. ಮುಟ್ಟುವ ಮೊದಲು ಹೇಳಿ ಮುಟ್ಟುತ್ತಾರಾ, ಸುಮ್ನೆ ಕೈ ಹಾಕುತ್ತಾರಾ ಗಮನಿಸಿ. ದೊಡ್ಡ ಹುಡುಗಿಯರು ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸಿ. ಹತ್ತು ವರ್ಷದೊಳಗಿನ ಮಕ್ಕಳು ತುಂಬಿಕೊಂಡಿದ್ದು, ಹೈಸ್ಕೂಲ್ ದಾಟಿದವರು ಒಬ್ಬರೂ ಇಲ್ಲ ಅಂದರೆ ಅಲ್ಲಿ ಏನೋ ಐಬಿದೆ. ಯಾರಿಗಾದರೂ ಪೆಟ್ಟಾದರೆ ಮೇಷ್ಟ್ರು ಏನು ಮಾಡುತ್ತಾರೆ ಅನ್ನುವುದನ್ನು ತಪ್ಪದೆ ನೋಡಿ. "ಏನಾಗಲ್ಲ ಏಳು" ಅನ್ನುವವರೇ ಜಾಸ್ತಿ.

ಮಿಳಘಟ್ಟದ ಅಪ್ಪ
ಮೇಷ್ಟ್ರೇ, ದುಡ್ಡಿನ ವಿಷಯ ಬಿಟ್ಟಿರಿ. ನನ್ನ ಮಗ ಹೋಗುತ್ತಿದ್ದ ಕಡೆ, ಹೆಸರು ಬೇಡ, ತಿಂಗಳ ಫೀಸು ಕಡಿಮೆಯೇ. ಆದರೆ ಮೂರು ತಿಂಗಳಿಗೊಂದು ಬೆಲ್ಟ್ ಟೆಸ್ಟ್. ಹಳದಿಗೆ ಒಂದು ರೇಟು, ಹಸಿರಿಗೆ ಒಂದು ರೇಟು. ಡ್ರೆಸ್ ಅವರ ಹತ್ತಿರವೇ ತಗೋಬೇಕು. "ರಾಷ್ಟ್ರಮಟ್ಟದ ಸ್ಪರ್ಧೆ" ಅಂತ ಬಸ್ಸು ಮಾಡಿಕೊಂಡು ಹೋದರೆ ಅಲ್ಲಿ ಬಂದವರೆಲ್ಲ ಅದೇ ಮೇಷ್ಟ್ರ ಬೇರೆ ಬೇರೆ ಬ್ರಾಂಚಿನ ಮಕ್ಕಳು. ಎಲ್ಲರ ಕೊರಳಲ್ಲೂ ಪದಕ. ಮಗ ಖುಷಿಯಾಗಿದ್ದ, ಅದೊಂದೇ ಲಾಭ.

ದುರ್ಗಿಗುಡಿ ಹುಡುಗ
ನಮ್ಮ ಪಕ್ಕದ ಮನೆ ಹುಡುಗನೂ ನ್ಯಾಷನಲ್ ಚಾಂಪಿಯನ್ ಈಗ ಗೊತ್ತಾಯ್ತು ಹೇಗೆ ಅಂತ 😂

ಇಕ್ಕೇರಿ ಇತಿಹಾಸ
ಎಲ್ಲರೂ ಜಪಾನ್ ಜಪಾನ್ ಅನ್ನುತ್ತೀರಿ. ಕರಾಟೆ, ಕುಂಗ್‌ಫು ಎಲ್ಲದರ ಮೂಲ ನಮ್ಮದೇ. ಇಲ್ಲಿಂದ ಹೋದ ಬೌದ್ಧ ಭಿಕ್ಷು ಬೋಧಿಧರ್ಮ ಚೀನಾದ ಶಾವೊಲಿನ್ ಮಠದಲ್ಲಿ ಕಲಿಸಿದ್ದು. ಅದನ್ನು ಬಿಟ್ಟು ಪರದೇಶದ್ದಕ್ಕೆ ದುಡ್ಡು ಸುರಿಯುತ್ತೀರಿ.

ರಾಗಿಗುಡ್ಡ ರೀಡರ್
ಅದು ಚೆಂದದ ಕಥೆ, ಇತಿಹಾಸ ಅಲ್ಲ. ಬೋಧಿಧರ್ಮ 5-6ನೇ ಶತಮಾನದವನು. ಅವನಿಗೂ ಶಾವೊಲಿನ್ ವ್ಯಾಯಾಮಕ್ಕೂ ಗಂಟು ಹಾಕಿದ್ದು ಯಿಜಿನ್ ಜಿಂಗ್ ಅನ್ನುವ ಪುಸ್ತಕ. ಅದು ಹೊರಬಿದ್ದದ್ದು 1624ರ ಸುಮಾರಿಗೆ. ಸಾವಿರ ವರ್ಷದ ಅಂತರ! ಅದರ ಮುನ್ನುಡಿಗಳು ನಕಲಿ ಎಂದು ಚೀನಾದ ವಿದ್ವಾಂಸರೇ ತೋರಿಸಿದ್ದಾರೆ.

ನಮ್ಮದು ಅಂತ ಹೇಳಿಕೊಳ್ಳಲು ನಿಜವಾದದ್ದೇ ಬೇಕಾದಷ್ಟಿದೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರಿಗೆ ಎಂಥ ಊಟ, ಎಂಥ ಸಾಧನೆ, ಜೋಡಿ ಹೇಗೆ ಅಂತೆಲ್ಲ ಇದೆ. ಮೈಸೂರು ದಸರಾದಲ್ಲಿ ವಜ್ರಮುಷ್ಟಿ ಕಾಳಗ ಇವತ್ತಿಗೂ ನಡೆಯುತ್ತದೆ. ಅದು ಸಾಲದಾ?

ಇಕ್ಕೇರಿ ಇತಿಹಾಸ
ನಕಲಿ ಅಂತ ಅವರು ಹೇಳಿದರೆ ನಾವು ನಂಬಬೇಕಾ? ಇರಲಿ. ಮಾನಸೋಲ್ಲಾಸದ ವಿಷಯ ಒಪ್ಪಿದೆ. ಕೆಳದಿ ಚೆನ್ನಮ್ಮ ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ನಾಡು ಇದು. ದೊಣ್ಣೆವರಸೆ, ಕತ್ತಿವರಸೆ ಕಲಿಸುವವರು ಊರೂರಲ್ಲೂ ಇರಬೇಕಿತ್ತು.

ಕೊಪ್ಪ ಕಾಫಿ
ದೊಣ್ಣೆ ಅಂದಿರಲ್ಲ, ನನಗೆ ಬೇಕಾಗಿರುವುದು ಅದೇ. ಮನುಷ್ಯರ ಕಾಟ ಇಲ್ಲ ನಮ್ಮಲ್ಲಿ. ಮಂಗಗಳದ್ದು! ಬಾಳೆಗೊನೆ ಕೈಯಲ್ಲಿದ್ದರೆ ನೇರ ಮೈಮೇಲೇ ಬರುತ್ತವೆ. ಇದಕ್ಕೆ ಯಾವ ಕಟಾ ಹೇಳಿ ಕಂದು ಬೆಲ್ಟ್‌ನವರೇ?

ಕಂದು ಬೆಲ್ಟ್
ಮಂಗನ ಶೈಲಿಯ ಕುಂಗ್‌ಫು ಅಂತಲೇ ಒಂದಿದೆ. ಅದನ್ನು ಮಂಗನ ಎದುರು ಮಾಡಿದರೆ ಏನಾಗುತ್ತದೋ ಗೊತ್ತಿಲ್ಲ.

ಮತ್ತಿಗೆ ಮಾಣಿ
ಕಣ್ಣಿಗೆ ಕಣ್ಣು ಕೊಟ್ಟು ನೋಡಬೇಡಿ, ಹಲ್ಲು ಕಿರಿಯಬೇಡಿ. ಎರಡೂ ಅವಕ್ಕೆ ಜಗಳಕ್ಕೆ ಕರೆದ ಲೆಕ್ಕ. ಗೊನೆ ಬಿಸಾಕಿ ಹಿಂದೆ ಸರಿಯಿರಿ. ಬೀದಿನಾಯಿ ಬಂದರೆ ಓಡಬೇಡಿ, ಚೀಲವನ್ನೋ ಕೊಡೆಯನ್ನೋ ನಡುವೆ ಹಿಡಿಯಿರಿ. ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ರೇಬಿಸ್ ಚುಚ್ಚುಮದ್ದು. ಅರಿಶಿನ, ಸುಣ್ಣ ಹಚ್ಚಿಕೊಂಡು ಮನೇಲಿ ಕೂರಬೇಡಿ.

ನಿವೃತ್ತ ಪಿ.ಇ. ಮೇಷ್ಟ್ರು
ದಯವಿಟ್ಟು ಮಂಗನಿಂದ ಮಗಳ ವಿಷಯಕ್ಕೆ ಬನ್ನಿ.

ತೀರ್ಥಹಳ್ಳಿ ಪ್ಯಾಸೆಂಜರ್
ಗರಡಿಯವರನ್ನು ಒಂದು ಕೇಳಬೇಕಿತ್ತು. ನಿಮ್ಮ ಗರಡಿ ಮಣ್ಣಿಗೆ ಹೆಂಗಸರನ್ನು ಇಳಿಸುತ್ತೀರಾ? ನಾನು ಒಂದು ಕಡೆ ವಿಚಾರಿಸಿದಾಗ ಹೊಸಿಲು ದಾಟುವುದೂ ಬೇಡ ಅಂದರು. ಆಮೇಲೆ ಊರೆಲ್ಲ "ನಮ್ಮ ಕಲೆ ಯಾರೂ ಕಲಿಯಲ್ಲ" ಅಂತ ಅಳುತ್ತಾರೆ.

ಹಳೇ ಗರಡಿ
ನಮ್ಮ ಉಸ್ತಾದರ ಕಾಲದಲ್ಲಿ ಇರಲಿಲ್ಲ, ಆಂಜನೇಯನ ಜಾಗ ಅನ್ನುತ್ತಿದ್ದರು. ನನಗೆ ಅದು ಸರಿ ಕಾಣುವುದಿಲ್ಲ ತಂಗಿ. ಒಲಿಂಪಿಕ್ಸ್‌ನಲ್ಲಿ 2004ರಿಂದ ಹೆಂಗಸರ ಕುಸ್ತಿ ಇದೆ, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದಳು. ಈಗ ಮ್ಯಾಟ್ ಮೇಲೆ ಕಲಿಸುವ ಕಡೆ ಹುಡುಗಿಯರು ಬರುತ್ತಾರೆ. ಮಣ್ಣಿನ ಗರಡಿಯವರು ಬದಲಾಗದಿದ್ದರೆ ಬೀಗ ಬೀಳುತ್ತದೆ, ಬೀಳುತ್ತಲೂ ಇದೆ.

ಗೋಪಾಳದ ಗೊಣಗಾಟ
ಚಾಕು ತೋರಿಸಿದರೆ ಏನು ಮಾಡುತ್ತೀರಿ? ಆ ವಿಡಿಯೋಗಳಲ್ಲಿ ಕೈ ತಿರುಚಿ ಕಿತ್ತುಕೊಳ್ಳುತ್ತಾರಲ್ಲ?

ಕಂದು ಬೆಲ್ಟ್
ಪರ್ಸು, ಮೊಬೈಲು ಅವನ ಒಂದು ಪಕ್ಕಕ್ಕೆ ಎಸೆದು ಇನ್ನೊಂದು ಪಕ್ಕಕ್ಕೆ ಓಡಬೇಕು. ಸ್ನೇಹಿತನ ಕೈಗೆ ನೀರಿನ ಬಣ್ಣ ಹಚ್ಚಿದ ಸ್ಕೇಲು ಕೊಟ್ಟು, ಬಿಳಿ ಬನಿಯನ್ ಹಾಕಿಕೊಂಡು ಅವನಿಂದ ಕಿತ್ತುಕೊಳ್ಳಲು ನೋಡಿ. ಬನಿಯನ್ನಿನ ಮೇಲೆ ಎಷ್ಟು ಗೆರೆ ಬಿದ್ದವು ಅಂತ ಎಣಿಸಿ ಆಮೇಲೆ ವಿಡಿಯೋ ಮಾತು.

ವಿನೋಬನಗರ ಅಮ್ಮ
ಮೇಷ್ಟ್ರು ಹೇಳಿದ ಹಾಗೆ ಬೇರೆ ಎರಡು ಕಡೆ ಕೂತು ನೋಡಿದೆವು. ಒಂದು ಕಡೆ ಸಾಲಾಗಿ ನಿಂತ ಪುಟ್ಟ ಮಕ್ಕಳು ಒಟ್ಟಿಗೆ ಕೂಗುವುದು, ಗುದ್ದುವುದು. ಶಿಸ್ತೇನೋ ಚೆನ್ನಾಗಿತ್ತು. ಆದರೆ ಇಡೀ ಗಂಟೆ ಒಬ್ಬರು ಇನ್ನೊಬ್ಬರ ಎದುರು ನಿಲ್ಲಲಿಲ್ಲ.

ಇನ್ನೊಂದು ಜೂಡೋ. ಹಳೆಯ ಗೋದಾಮು, ಗೋಡೆಗೆ ತೇವದ ಕಲೆ, ಆದರೆ ನೆಲಕ್ಕೆ ಪೂರ್ತಿ ಮ್ಯಾಟ್. ನನ್ನಷ್ಟೇ ವಯಸ್ಸಿನ ಒಬ್ಬರು, ಕೂದಲು ಕ್ಲಿಪ್ ಇಲ್ಲದೆ ಬಟ್ಟೆಯ ಬ್ಯಾಂಡಿನಲ್ಲಿ ಕಟ್ಟಿಕೊಂಡು, ತಮಗಿಂತ ಒಂದು ಅಡಿ ಎತ್ತರದ ಹುಡುಗನ ಜೊತೆ ಎಳೆದಾಡುತ್ತಿದ್ದರು. ಅವನು ಬೀಳಿಸಿದ, ಅವರು ನಕ್ಕು ಎದ್ದು ಮತ್ತೆ ಕಾಲರ್ ಹಿಡಿದರು. ಆಮೇಲೆ ಅವನೂ ಬಿದ್ದ. ಮಂಡಿ ವಿಷಯ ಹೇಳಿದೆ. ಮೊದಲು ಡಾಕ್ಟರ ಚೀಟಿ ತನ್ನಿ, ಎಸೆತ ಆಮೇಲೆ, ಬರೀ ಬೀಳುವುದು ಮತ್ತು ನೆಲದ ಮೇಲಿನ ಹಿಡಿತದಿಂದ ಶುರು ಮಾಡೋಣ ಅಂದರು ಕೋಚ್. ಮಗಳು ಅಲ್ಲೇ ಹೆಸರು ಬರೆಸಿದಳು. ಬಸ್ಸಿನ ದೂರನ್ನೂ ಕೊಟ್ಟಿದ್ದೇವೆ.

ಈಗ ಹೊಸ ತಲೆನೋವು. ಆ ದಪ್ಪ ಜೂಡೋ ಡ್ರೆಸ್ ಈ ಮಳೆಗೆ ಒಣಗುವುದು ಹೇಗೆ?

ಮತ್ತಿಗೆ ಮಾಣಿ
ಒಣಗುವುದಿಲ್ಲ. ಎರಡು ಜೊತೆ ಇಟ್ಟುಕೊಳ್ಳಿ. ನಾವು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹಾಕುತ್ತೇವೆ, ಬೆಳಿಗ್ಗೆಗೆ ಗರಿಗರಿ. ಹೊಗೆ ವಾಸನೆ ಬರುತ್ತದೆ, ಎದುರಾಳಿ ಕಾಲರ್ ಹಿಡಿಯಲು ಸ್ವಲ್ಪ ಯೋಚಿಸುತ್ತಾನೆ.

ಸಾಗರದ ಫಿಸಿಯೋ
ಒದ್ದೆ ಡ್ರೆಸ್ ಮಾತ್ರ ಹಾಕಿಕೊಳ್ಳಬೇಡಿ, ಹುಳಕಡ್ಡಿ ಗ್ಯಾರಂಟಿ. ಕ್ಲಾಸ್ ಮುಗಿದ ತಕ್ಷಣ ಸ್ನಾನ. ಉಗುರು ಗಿಡ್ಡ ಇರಲಿ.

ಪೇಪರ್ ಟೌನ್
ಭದ್ರಾವತಿ ಕಡೆ ಹೆಂಗಸರಿಗೆ ಬೆಳಗಿನ ಬ್ಯಾಚ್ ಇರುವ ಕ್ಲಾಸ್ ಯಾರಿಗಾದರೂ ಗೊತ್ತಾ? ಜೂಡೋನೇ ಆಗಬೇಕು ಅಂತಿಲ್ಲ. ಮ್ಯಾಟ್ ಇರಲಿ.